ತೆರೆದ ಆಂಟೆನಾವೋ, ಕವಚದ್ದೋ? ಚಿಕ್ಕಬಳ್ಳಾಪುರದ ಹೊಲದಲ್ಲಿ ರಾಡಾರ್ ಎಳೆದ ಮೇಲೆ

ನೆಲದೊಳಗೆ ರೇಡಿಯೋ ಅಲೆ ಬಿಟ್ಟು, ಮರಳಿ ಬಂದದ್ದರಿಂದ ಮಣ್ಣಿನ ಪದರ ತೋರಿಸುವ ರಾಡಾರ್ ನಮ್ಮದು. ಇನ್ನು ಮುಂದೆ ಅದಕ್ಕೆ ಬಾಡಿಗೆಗೆ ತರುವುದಾದರೆ 250 ಮೆಗಾಹರ್ಟ್ಸ್‌ನ ಕವಚದ ಆಂಟೆನಾವನ್ನೇ, ಅಂದರೆ ಅಲೆ ಮೇಲಕ್ಕೆ ಹೋಗದಂತೆ ಮುಚ್ಚಿದ್ದನ್ನೇ ತರುತ್ತೇನೆ. 100ರ ತೆರೆದ ಆಂಟೆನಾ ನಂಬಿ ಒಬ್ಬರ ಹೊಲ ಅಗೆಸಿದ್ದೇವೆ.

2021ರ ಡಿಸೆಂಬರ್ 22ರ ಬೆಳಗ್ಗೆ ಇಲ್ಲಿ ಎರಡು ಸಲ ನೆಲ ನಡುಗಿತಲ್ಲ, 2.9 ಮತ್ತು 3.0 ತೀವ್ರತೆ. ಅಷ್ಟು ಸಣ್ಣ ಕಂಪನ ನೆಲ ಸೀಳುವುದಿಲ್ಲ. ಆದರೆ ಹಿಂದೆಂದಾದರೂ ದೊಡ್ಡದು ಆಗಿತ್ತಾ? ಅದರ ಗುರುತು ಹುಡುಕಲೆಂದೇ ರಾಡಾರ್ ಎಳೆದೆವು. ಕಲ್ಲು ಬಿರಿದಿದ್ದರೆ ಸಾಲದು, ಅದು ಕೋಟ್ಯಂತರ ವರ್ಷ ಹಳೆಯದಿರಬಹುದು. ಮೇಲಿನ ಎಳೆ ಮಣ್ಣಿನ ಪದರವೂ ತುಂಡಾಗಿ ಜಾರಿದ್ದರೆ ಮಾತ್ರ ಸ್ತರಭಂಗ (ಬಂಡೆ ಬಿರಿದು ಎರಡು ಬದಿಯೂ ಜಾರಿದ ಜಾಗ) ಇನ್ನೂ ಸಕ್ರಿಯ ಎಂದು ಅನುಮಾನಪಡಬೇಕು.

100 ಮೆಗಾಹರ್ಟ್ಸ್‌ನದು ಹೆಚ್ಚು ಆಳ ನೋಡುತ್ತದೆ. ನಾವು ಮರುಳಾಗಿದ್ದೂ ಅದಕ್ಕೇ. ರಾಗಿ ಕೊಯ್ದ ಹೊಲದಲ್ಲಿ ಎಳೆದಾಗ ಪರದೆ ಮೇಲೆ ಓರೆಯಾಗಿ ಇಳಿಯುವ ಗೆರೆಯೊಂದು ಅಚ್ಚುಕಟ್ಟಾಗಿ ಬಂತು. ಖುಷಿಯಲ್ಲಿ ಜೆಸಿಬಿ ತರಿಸಿದೆವು. ಎರಡು ಮೀಟರ್ ಅಗೆದರೂ ಪದರ ಒಂದಿಷ್ಟೂ ಕದಲಿರಲಿಲ್ಲ. "ಮೇಲ್ಮಣ್ಣೆಲ್ಲ ಕೆಳಕ್ಕೆ ಹೋಯ್ತಲ್ಲ ಸಾರ್" ಎಂದರು ಹೊಲದವರು. ನನ್ನ ಬಳಿ ಉತ್ತರವಿರಲಿಲ್ಲ.

ರಾತ್ರಿ ಕೂತು ಲೆಕ್ಕ ಹಾಕಿದೆ. ಪರದೆಯಲ್ಲಿ ಕೆಳಕ್ಕಿಳಿದಷ್ಟೂ ಅಲೆ ಮರಳಲು ಹಿಡಿದ ಸಮಯ ಹೆಚ್ಚು. ಆರು ಮೀಟರ್ ನಡೆದರೆ ಆ ಗೆರೆ 40 ನ್ಯಾನೋ ಸೆಕೆಂಡ್ ಕೆಳಗಿಳಿದಿತ್ತು. ನಾನು ದೂರ ಸರಿದ ಆರು ಮೀಟರನ್ನು ಅಲೆ ಹೋಗಿ ಬರಬೇಕಲ್ವಾ, ಹಾಗಾಗಿ 12 ಮೀಟರ್. ಅಂದರೆ ನ್ಯಾನೋ ಸೆಕೆಂಡಿಗೆ 30 ಸೆಂಟಿಮೀಟರ್. ಮಣ್ಣಿನಲ್ಲಿ ಅಲೆ ಅದರ ಅರ್ಧ ವೇಗದಲ್ಲೂ ಓಡುವುದು ಕಷ್ಟ. ಅದು ಗಾಳಿಯಲ್ಲಿ ಓಡಿದ ಅಲೆ! ಬೋರ್‌ವೆಲ್‌ಗೆ ಹೋಗುವ ಕರೆಂಟ್ ತಂತಿಗೆ ಬಡಿದು ವಾಪಸ್ ಬಂದಿತ್ತು. ತೆರೆದ ಆಂಟೆನಾ ಮೇಲಕ್ಕೂ ಅಲೆ ಬಿಡುತ್ತದೆ. ತಂತಿ, ಮರ, ಶೆಡ್ಡಿನ ತಗಡು ಎಲ್ಲವೂ ನೆಲದೊಳಗೆ ಇದ್ದಂತೆ ಕಾಣುತ್ತವೆ. ಅಗೆಯುವ ಮೊದಲೇ ಈ ಲೆಕ್ಕ ಹಾಕಬೇಕಿತ್ತು.

ಅದೇ ಜಾಗದಲ್ಲಿ 250ರ ಕವಚದ ಆಂಟೆನಾ ಎಳೆದೆವು. ಗೆರೆ ಮಾಯ. ನಮ್ಮ ಕೆಮ್ಮಣ್ಣಿನಲ್ಲಿ ಅದಕ್ಕೆ ಎರಡು ಮೀಟರ್‌ಗಿಂತ ಜಾಸ್ತಿ ಕಾಣಲಿಲ್ಲ, ಜೇಡಿ ಅಲೆಯನ್ನು ಹೀರಿಬಿಡುತ್ತದೆ. ನನಗೆ ಬೇಕಾದದ್ದೂ ಅಷ್ಟೇ ಆಳ.

ಮಳೆ ಬಿದ್ದ ಮರುದಿನ ಎರಡನ್ನೂ ತರಬೇಡಿ. ಇನ್ನೂ ಆಳ ಬೇಕಿದ್ದರೆ ನೆಲಕ್ಕೆ ಕಬ್ಬಿಣದ ಗೂಟ ಹೊಡೆದು ವಿದ್ಯುತ್ ರೋಧ ಅಳೆಯಬಹುದು, ಆದರೆ ಅದಕ್ಕೆ ಆಳುಗಳು ಬೇಕು. ಕವಚದ ಡಬ್ಬಿಯನ್ನು ನಾನೊಬ್ಬನೇ ಎಳೆಯುತ್ತೇನೆ. ಬಾಡಿಗೆ ಸ್ವಲ್ಪ ಜಾಸ್ತಿಯೇ. ಅವತ್ತು ಜೆಸಿಬಿಗೆ ಕೊಟ್ಟ ದುಡ್ಡಿನ ಮುಂದೆ ಕಡಿಮೆ.