ಏಜೆನ್ಸಿ, ಆಡಿಟರ್, ಇಲ್ಲಾ ನಾನೇ: ಜರ್ಮನಿಯಲ್ಲಿ ಸ್ವಂತ ಕೆಲಸದವರ ಕಾಗದಪತ್ರ

ಏಜೆನ್ಸಿಗೆ ಕೊಟ್ಟ 790 ಯೂರೋ ನೆನೆಸಿಕೊಂಡರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಮೊದಲೇ ಹೇಳಿಬಿಟ್ಟಿದ್ದೇನೆ, ಆಮೇಲೆ ಒಂದೇ ಕಡೆ ವಾಲಿದ್ದೀರಿ ಅಂತ ಬೈಯಬೇಡಿ. ಮೂರು ದಾರಿಯನ್ನೂ ನೋಡಿದ್ದೇನೆ. ಹೊಸದಾಗಿ ಬಂದವರಿಗೆ ಎಲ್ಲಾ ಮಾಡಿಕೊಡುತ್ತೇವೆ ಅನ್ನುವ ಏಜೆನ್ಸಿ ಒಂದು, ತೆರಿಗೆ ಆಡಿಟರ್ ಇನ್ನೊಂದು, ನಾನೇ ಕೂತು ಮಾಡಿಕೊಳ್ಳುವುದು ಮೂರನೆಯದು. ನನ್ನ ಓಟು ಮೂರನೆಯದಕ್ಕೆ.

ನಾನು ಅನುವಾದಕಿ. ಹೆಚ್ಚಾಗಿ ಯಂತ್ರಗಳ ಕೈಪಿಡಿ, ಔಷಧದ ಜೊತೆ ಬರುವ ಚೀಟಿ, ಅಂಥವು. 2023ರ ಮಾರ್ಚ್‌ನಲ್ಲಿ ಸ್ವಂತ ಕೆಲಸದ ವೀಸಾ ಮೇಲೆ ಜರ್ಮನಿಗೆ ಬಂದೆ. ಇಲ್ಲಿ ನನ್ನಂಥವರನ್ನು ಫ್ರೈಬೆರೂಫ್ಲರ್ ಅನ್ನುತ್ತಾರೆ. ಅಂಗಡಿ ಇಟ್ಟವರು, ವ್ಯಾಪಾರ ಮಾಡುವವರು ಬೇರೆ, ಅವರು ಗೆವೆರ್ಬೆ ಅಂತ ನೋಂದಣಿ ಮಾಡಿಸಬೇಕು. ಅನುವಾದಕರನ್ನು ಆದಾಯ ತೆರಿಗೆ ಕಾಯ್ದೆಯ 18ನೇ ಸೆಕ್ಷನ್ ಹೆಸರು ಹಿಡಿದೇ ಫ್ರೈಬೆರೂಫ್ಲರ್ ಪಟ್ಟಿಗೆ ಸೇರಿಸಿದೆ, ಹಾಗಾಗಿ ಆ ತಲೆನೋವು ನನಗಿರಲಿಲ್ಲ. ಯಾವ ಯಾವ ದಾಖಲೆ ಬೇಕು ಅನ್ನುವ ಪಟ್ಟಿಯನ್ನು ಇಲ್ಲಿ ಬರೆಯುವುದಿಲ್ಲ, ಅದು ಎಲ್ಲಾ ಕಡೆ ಸಿಗುತ್ತದೆ.

ಏಜೆನ್ಸಿಯಿಂದ ಶುರು ಮಾಡೋಣ. ಬಂದ ಹೊಸತು, ಭಾಷೆ ಓದಲು ಬರುತ್ತಿತ್ತು, ಆದರೆ ಕಚೇರಿಯ ಕಿಟಕಿ ಮುಂದೆ ನಿಂತು ಮಾತಾಡುವ ಧೈರ್ಯ ಇರಲಿಲ್ಲ. ಅವರ ಪ್ಯಾಕೇಜಿನಲ್ಲಿ ಮೂರು ಕೆಲಸ: ವಿಳಾಸದ ನೋಂದಣಿ, ತೆರಿಗೆ ನಂಬರು, ವಾಸದ ಪರವಾನಗಿ. ವಿಳಾಸದ ನೋಂದಣಿಗೆ ಆನ್‌ಮೆಲ್ಡುಂಗ್ ಅನ್ನುತ್ತಾರೆ, ಮನೆಗೆ ಬಂದ ಎರಡು ವಾರದೊಳಗೆ ಮಾಡಿಸಬೇಕು. ಒಂದು ಹುಡುಗಿ ನನ್ನ ಜೊತೆ ಬಂದಳು, ಹತ್ತು ನಿಮಿಷದಲ್ಲಿ ಮುಗಿಯಿತು, ಕಿಟಕಿಯಾಚೆ ಇದ್ದಾಕೆ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ, ಅದೂ ಧರ್ಮ ಯಾವುದು ಅಂತ, ಇಲ್ಲಿ ಚರ್ಚಿನ ತೆರಿಗೆ ಇದೆಯಲ್ಲ, ಅದಕ್ಕೆ. ಆ ಹತ್ತು ನಿಮಿಷಕ್ಕೆ ಬೇಕಿದ್ದದ್ದು ಮನೆ ಮಾಲೀಕರು ಸಹಿ ಹಾಕಿದ ಒಂದು ಹಾಳೆ ಮತ್ತು ಪಾಸ್‌ಪೋರ್ಟ್. ಪರವಾನಗಿಯೂ ಬಂತು, ಅದರಲ್ಲಿ ಅವರನ್ನು ದೂರುವಂಥದ್ದೇನಿಲ್ಲ.

ಎಡವಟ್ಟಾಗಿದ್ದು ತೆರಿಗೆ ನಂಬರಿನಲ್ಲಿ.

ಸ್ವಂತ ಕೆಲಸ ಶುರು ಮಾಡುವವರು ತೆರಿಗೆ ಕಚೇರಿಗೆ, ಅಂದರೆ ಫಿನಾನ್ಸಾಮ್ಟ್‌ಗೆ, ಒಂದು ಉದ್ದದ ಪ್ರಶ್ನಾವಳಿ ತುಂಬಿ ಕಳಿಸಬೇಕು. 2021ರಿಂದ ಅದು ಆನ್‌ಲೈನ್‌ನಲ್ಲೇ ಆಗಬೇಕು. ಅದರಲ್ಲಿ ಎರಡು ಕಡೆ ಅಂದಾಜು ಕೇಳುತ್ತಾರೆ. ಒಂದು ಕಡೆ ವಹಿವಾಟು ಎಷ್ಟಾಗಬಹುದು, ಇನ್ನೊಂದು ಕಡೆ ಲಾಭ ಎಷ್ಟಾಗಬಹುದು. ವೀಸಾಕ್ಕೆ ಅಂತ ನಾನು ಮಾಡಿಕೊಟ್ಟಿದ್ದ ಆದಾಯದ ಅಂದಾಜು ಏಜೆನ್ಸಿಯ ಹತ್ತಿರ ಇತ್ತು. ಅದರಲ್ಲಿ ವಹಿವಾಟು 42,000 ಯೂರೋ ಅಂತ ಬರೆದಿದ್ದೆ, ಕೆಳಗೆ ಖರ್ಚಿನ ಪಟ್ಟಿ ಇತ್ತು, ಹಾಗಾಗಿ ಕೈಗೆ ಉಳಿಯುವುದು ಬೇರೆಯೇ ಲೆಕ್ಕ. ಅವರು ಖರ್ಚನ್ನು ನೋಡದೆ ಅದೇ 42,000ವನ್ನು ಲಾಭದ ಸಾಲಿನಲ್ಲೂ ಹೊಡೆದು ತಮ್ಮ ಲಾಗಿನ್‌ನಿಂದ ಕಳಿಸಿಬಿಟ್ಟರು. ನನಗೆ ಬಂದ ಪಿಡಿಎಫ್ ಹನ್ನೆರಡು ಹಾಳೆ ಇತ್ತು. ನೋಡಿದೆ, ಓದಲಿಲ್ಲ. ಅಷ್ಟು ದುಡ್ಡು ಕೊಟ್ಟಿರುವಾಗ ನಾನ್ಯಾಕೆ ಓದಬೇಕು ಅನ್ನುವ ಸೋಮಾರಿತನ, ಅದು ನನ್ನದೇ ತಪ್ಪು.

ಆ ಲಾಭದ ಸಾಲು ಸುಮ್ನೆ ಕೇಳಿದ್ದಲ್ಲ. ಅದನ್ನು ನೋಡಿಯೇ ಮುಂಗಡ ತೆರಿಗೆ ಕಟ್ಟುವುದು ಎಷ್ಟು ಅಂತ ನಿಗದಿಯಾಗುತ್ತದೆ. ವರ್ಷಕ್ಕೆ ನಾಲ್ಕು ಕಂತು: ಮಾರ್ಚ್ 10, ಜೂನ್ 10, ಸೆಪ್ಟೆಂಬರ್ 10, ಡಿಸೆಂಬರ್ 10. ಬೇಸಿಗೆಯ ಕೊನೆಗೆ ಒಂದು ದಿನ ಬೂದು ಬಣ್ಣದ ಹಾಳೆಯ ಕಾಗದ ಬಂತು, ಸೆಪ್ಟೆಂಬರ್ 10ಕ್ಕೆ 2,000 ಯೂರೋ ಚಿಲ್ಲರೆ ಕಟ್ಟಿ, ಡಿಸೆಂಬರ್‌ಗೆ ಇನ್ನಷ್ಟೇ ಕಟ್ಟಿ ಅಂತ. ಆ ತಿಂಗಳು ನನ್ನ ಒಟ್ಟು ಬಿಲ್ಲು 1,900 ಯೂರೋ ದಾಟಿರಲಿಲ್ಲ. ಕಾಗದವನ್ನು ಮೂರು ಸಲ ಓದಿದೆ, ಸೊನ್ನೆ ಏನಾದರೂ ಜಾಸ್ತಿ ಬಿದ್ದಿದೆಯಾ ಅಂತ ಬೆರಳಿಟ್ಟು ಎಣಿಸಿದೆ.

ಏಜೆನ್ಸಿಗೆ ಫೋನ್ ಮಾಡಿದರೆ ಏನಂದರು ಗೊತ್ತಾ? ತೆರಿಗೆ ವಿಷಯದಲ್ಲಿ ಸಲಹೆ ಕೊಡಲು ಕಾನೂನಿನ ಪ್ರಕಾರ ನಮಗೆ ಅಧಿಕಾರ ಇಲ್ಲ, ನೀವು ಕೊಟ್ಟ ಅಂಕಿಯನ್ನು ನಾವು ಟೈಪ್ ಮಾಡಿದ್ದೇವೆ ಅಷ್ಟೇ. ಹೇಳಿದ್ದು ನಿಜ. ಇಲ್ಲಿ ತೆರಿಗೆ ಸಲಹೆ ಕೊಡುವವರು ಲೈಸೆನ್ಸ್ ಇರುವ ಆಡಿಟರೋ ವಕೀಲರೋ ಆಗಿರಬೇಕು. ಹಾಗಾದರೆ ತೆರಿಗೆ ನಂಬರು ಅಂತ ಪ್ಯಾಕೇಜಿನಲ್ಲಿ ಯಾಕೆ ಮಾರಿದಿರಿ ಅಂದೆ. ಮ್ಯಾನೇಜರ್ ಕೈಲಿ ಮಾತಾಡಿಸುತ್ತೇವೆ ಅಂದರು. ಆ ಮ್ಯಾನೇಜರ್ ಇನ್ನೂ ಮಾತಾಡಿಲ್ಲ.

ಸೆಪ್ಟೆಂಬರ್ ಕಂತನ್ನು ಉಳಿತಾಯದಿಂದ ಕಟ್ಟಿದೆ. ಡಿಸೆಂಬರ್‌ನದನ್ನಾದರೂ ಕಡಿಮೆ ಮಾಡಿಸಬೇಕಿತ್ತು, ಅದಕ್ಕೆ ಅರ್ಜಿ ಹಾಕಬಹುದು, ನಿಜವಾದ ಲೆಕ್ಕ ತೋರಿಸಿದರೆ ಇಳಿಸುತ್ತಾರೆ. ಹೀಗೆ ವಿಧಿಯಿಲ್ಲದೆ ನಾನೇ ಮಾಡಿಕೊಳ್ಳುವ ದಾರಿಗೆ ಬಿದ್ದೆ.

ಈ ದಾರಿಯಲ್ಲಿ ಎಲ್ಲವೂ ಎಲ್ಸ್‌ಟರ್ ಅನ್ನುವ ಸರ್ಕಾರಿ ತೆರಿಗೆ ಪೋರ್ಟಲ್ ಮೂಲಕ. ಪುಕ್ಕಟೆ. ನೋಂದಾಯಿಸಿಕೊಂಡರೆ ಅರ್ಧ ಕೋಡು ಈಮೇಲ್‌ನಲ್ಲಿ ಬರುತ್ತದೆ, ಇನ್ನರ್ಧ ಅಂಚೆಯಲ್ಲಿ. ಹೌದು, ಕಾಗದದಲ್ಲಿ, ಲಕೋಟೆಯಲ್ಲಿ, ಮನೆ ಬಾಗಿಲಿಗೆ. ಎರಡೂ ಸೇರಿದರೆ ಮಾತ್ರ ಬೀಗ ತೆಗೆಯುತ್ತದೆ. ಅಕ್ಟೋಬರ್ ಮೊದಲ ವಾರ ಬೇರೆ ಮನೆಗೆ ಬಂದೆ, ವಿಳಾಸ ಬದಲಿಸಿದೆ, ಕೋಡು ಕೇಳಿದೆ, ಕಾದೆ. ಎರಡು ವಾರ ಆಯಿತು, ಮೂರು ವಾರ ಆಯಿತು, ಕೋಡಿನ ಸುಳಿವಿಲ್ಲ. ದಿನಕ್ಕೆ ಎರಡು ಸಲ ಮೆಟ್ಟಿಲಿಳಿದು ಅಂಚೆ ಡಬ್ಬ ತೆಗೆದು ನೋಡುತ್ತಿದ್ದೆ, ಪಿಜ್ಜಾ ಅಂಗಡಿಯ ಚೀಟಿ ಬಿಟ್ಟರೆ ಏನೂ ಇರುತ್ತಿರಲಿಲ್ಲ.

ಕಾರಣ ಗೊತ್ತಾದಾಗ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಈ ದೇಶದಲ್ಲಿ ಫ್ಲ್ಯಾಟ್ ನಂಬರು ಅಂತ ವಿಳಾಸದಲ್ಲಿ ಬರೆಯುವ ರೂಢಿ ಕಡಿಮೆ. ಬೀದಿ, ಮನೆ ನಂಬರು, ಆಮೇಲೆ ಡಬ್ಬದ ಮೇಲಿನ ಹೆಸರು ನೋಡಿ ಪೋಸ್ಟ್‌ಮ್ಯಾನ್ ಕಾಗದ ಹಾಕುತ್ತಾನೆ. ಡಬ್ಬದ ಮೇಲೆ ನಾನು ನನ್ನ ಹೆಸರನ್ನೇ ಅಂಟಿಸಿದ್ದೆ, ಅಷ್ಟೇ, ಚೆಂದವಾಗಿ ಪ್ರಿಂಟ್ ತೆಗೆದು. ಆದರೆ ನನ್ನ ಪಾಸ್‌ಪೋರ್ಟ್‌ನಲ್ಲಿ ಮನೆತನದ ಹೆಸರಿನ ಜಾಗದಲ್ಲಿರುವುದು ಅಪ್ಪನ ಹೆಸರು. ನಮ್ಮಲ್ಲಿ ಇನಿಷಿಯಲ್ ಆಗಿ ಒಂದೇ ಅಕ್ಷರದಲ್ಲಿ ಸುಮ್ಮನೆ ಕೂತಿರುವ ಅಪ್ಪ ಇಲ್ಲಿ ಪೂರ್ತಿ ಎದ್ದು ನಿಲ್ಲುತ್ತಾರೆ. ಕಾಗದ ಬಂದದ್ದು ‘ಫ್ರಾವ್ ನಂಜಪ್ಪ’ ಅವರಿಗೆ. ಅಂದರೆ ಶ್ರೀಮತಿ ನಂಜಪ್ಪ. ಈ ಕಟ್ಟಡದಲ್ಲಿ ಅಂಥವರು ಯಾರೂ ಇಲ್ಲ ಅಂತ ಅದು ಬಂದ ದಾರಿಗೆ ಸುಂಕ ಇಲ್ಲದೆ ವಾಪಸ್ ಹೋಗಿತ್ತು. ಹಳೇ ಮನೆಯಲ್ಲಿ ಮಾಲೀಕರೇ ಬಾಡಿಗೆ ಪತ್ರ ನೋಡಿ ಹೆಸರು ಹಾಕಿದ್ದರಿಂದ ಈ ತೊಂದರೆ ಬಂದಿರಲಿಲ್ಲ.

ಅಪ್ಪನಿಗೆ ಫೋನಿನಲ್ಲಿ ಹೇಳಿದರೆ, “ನನಗ್ಯಾಕಮ್ಮ ಅವರು ತೆರಿಗೆ ಕಾಗದ ಕಳಿಸ್ತಾರೆ? ನಾನು ಆ ಕಡೆ ಬಂದೇ ಇಲ್ವಲ್ಲ” ಅಂದರು.

ಡಬ್ಬದ ಮೇಲೆ ಎರಡೂ ಹೆಸರು ಹಾಕಿದೆ. ಮತ್ತೆ ಕೋಡು ಕೇಳಿದೆ, ಎಂಟು ದಿನಕ್ಕೆ ಬಂತು. ನವೆಂಬರ್ ಕೊನೆಗೆ ಅರ್ಜಿ ಹಾಕಿದೆ, ಆರು ತಿಂಗಳ ಬಿಲ್ಲು ಮತ್ತು ಖರ್ಚಿನ ಒಂದು ಪುಟದ ಲೆಕ್ಕ ಜೊತೆಗಿಟ್ಟು. ವರ್ಷಕ್ಕೆ ಲಾಭ 26,000 ಅಂತ ಅಂದಾಜು ತೋರಿಸಿದೆ. ಡಿಸೆಂಬರ್ ಕಂತು 700ರ ಹತ್ತಿರಕ್ಕೆ ಇಳಿಯಿತು. ಆ ಅರ್ಜಿಯನ್ನು ಸಾದಾ ಕಾಗದದಲ್ಲಿ ಬರೆದು ಅಂಚೆಗೆ ಹಾಕಿದ್ದರೂ ನಡೆಯುತ್ತಿತ್ತು ಅಂತ ಆಮೇಲೆ ಗೊತ್ತಾಯಿತು. ಇರಲಿ, ವರ್ಷದ ರಿಟರ್ನ್ಸ್‌ಗೆ ಎಲ್ಸ್‌ಟರ್ ಹೇಗೂ ಬೇಕಿತ್ತು.

ಇಷ್ಟೆಲ್ಲಾ ಕಷ್ಟಪಟ್ಟ ಮೇಲೂ ಯಾಕೆ ಈ ದಾರಿಯೇ ಇಷ್ಟ ಅಂತ ಕೇಳಬಹುದು. ಏಜೆನ್ಸಿ ಇದ್ದರೂ ಕಾಗದ ಬರುವುದು ನನ್ನ ಡಬ್ಬಕ್ಕೇ. ತೆರಿಗೆಯ ಗುರುತಿನ ನಂಬರು, ಕಂತಿನ ನೋಟೀಸು, ಪರವಾನಗಿ ಕಾರ್ಡಿನ ಪಿನ್ನು, ಎಲ್ಲಾ. ಅದನ್ನು ಬಿಚ್ಚಿ ಓದಿ, ಯಾವ ತಾರೀಖಿನೊಳಗೆ ಉತ್ತರ ಕೊಡಬೇಕು ಅಂತ ನೋಡಬೇಕಾದವಳು ನಾನೇ. ಅಲ್ಲಿಗೆ ಮುಕ್ಕಾಲು ಕೆಲಸ ಮುಗಿದಹಾಗೆ. ಉಳಿದ ಕಾಲು ಭಾಗಕ್ಕೆ 790 ಯೂರೋ ಜಾಸ್ತಿ ಆಯಿತು ಅಲ್ವಾ?

2025ರಲ್ಲಿ ಪರವಾನಗಿ ನವೀಕರಣವನ್ನೂ ನಾನೇ ಮಾಡಿಕೊಂಡೆ. ಜೂನ್‌ಗೆ ಮುಗಿಯುತ್ತಿತ್ತು, ಏಪ್ರಿಲ್‌ನಲ್ಲೇ ಅರ್ಜಿ ಕಳಿಸಿದೆ. ಇದನ್ನು ಮಾತ್ರ ಗಟ್ಟಿಯಾಗಿ ನೆನಪಿಟ್ಟುಕೊಳ್ಳಿ: ಅವಧಿ ಮುಗಿಯುವ ಮುಂಚೆ ಅರ್ಜಿ ತಲುಪಿದ್ದರೆ, ತೀರ್ಮಾನ ಆಗುವವರೆಗೆ ಹಳೇ ಪರವಾನಗಿಯೇ ನಡೆಯುತ್ತದೆ. ಅದಕ್ಕೆ ಫಿಕ್ಟ್ಸಿಯೋನ್ಸ್‌ಬೆಷೈನಿಗುಂಗ್ ಅನ್ನುವ ಚೀಟಿ ಕೊಡುತ್ತಾರೆ. ಹೆಸರು ಉದ್ದ, ಬೆಲೆ 13 ಯೂರೋ. ನನ್ನ ಊರಿನಲ್ಲಿ ಭೇಟಿಯ ದಿನ ಸಿಕ್ಕಿದ್ದು ಆಗಸ್ಟ್‌ನಲ್ಲಿ, ಅಲ್ಲಿಯವರೆಗೆ ಈ ಚೀಟಿ ಇಟ್ಟುಕೊಂಡೇ ಓಡಾಡಿದೆ, ಬಿಲ್ಲೂ ಮಾಡಿದೆ. ಮೇ 1ರಿಂದ ಡಿಜಿಟಲ್ ಫೋಟೋ ನಿಯಮ ಬಂದು ನಾನು ಮೊದಲೇ ತೆಗೆಸಿಟ್ಟಿದ್ದ ಕಾಗದದ ಫೋಟೋ ದಂಡವಾಯಿತು, ಅದೊಂದು ಬೇಜಾರು. ನವೀಕರಣದ ಶುಲ್ಕ 93 ಯೂರೋ.

ಇನ್ನು ಆಡಿಟರ್. ಇಲ್ಲಿ ಷ್ಟೊಯರ್‌ಬೆರಾಟರ್ ಅನ್ನುತ್ತಾರೆ. ಇವರನ್ನು ಪೂರ್ತಿ ಬಿಡಲು ಆಗುವುದಿಲ್ಲ, ಏಕೆಂದರೆ ನವೀಕರಣಕ್ಕೆ ನಿಮ್ಮ ಆದಾಯ ಇಷ್ಟು ಅಂತ ಆಡಿಟರ್ ಸಹಿ ಹಾಕಿದ ವರದಿ ಕೇಳುತ್ತಾರೆ. ಬರ್ಲಿನ್‌ನಲ್ಲಂತೂ ಅದಕ್ಕೆ ಅಚ್ಚು ಮಾಡಿದ ಫಾರ್ಮೇ ಇದೆ. ನನ್ನ ಊರಿನಲ್ಲೂ ಕೇಳಿದರು. ಸಣ್ಣ ಗಿರಾಕಿಗಳನ್ನು ತೆಗೆದುಕೊಳ್ಳುವವರು ಸಿಗುವುದೇ ಕಷ್ಟ, ಹದಿಮೂರು ಜನಕ್ಕೆ ಬರೆದೆ, ಇಬ್ಬರು ಉತ್ತರ ಕೊಟ್ಟರು, ಒಬ್ಬರು ಒಪ್ಪಿಕೊಂಡರು. ವಯಸ್ಸಾದವರು, ಒಂದೇ ಸಾಲಿನ ಈಮೇಲ್ ಬರೆಯುತ್ತಾರೆ, ಅದರಲ್ಲೂ ಅರ್ಧ ಸಾಲು ವಂದನೆ. ವರದಿ ಮತ್ತು ವರ್ಷದ ರಿಟರ್ನ್ಸ್ ಸೇರಿ 640 ಯೂರೋ ಆಯಿತು. ಕಡಿಮೆಯೇನಲ್ಲ. ಆದರೆ ನನ್ನ ಲೆಕ್ಕದಲ್ಲಿ ಎರಡು ತಪ್ಪು ಹಿಡಿದರು, ಕಂಪ್ಯೂಟರಿನ ಖರ್ಚೊಂದನ್ನು ನಾನು ಬರೆದೇ ಇರಲಿಲ್ಲ. ಜೊತೆಗೆ ಆಡಿಟರ್ ಮೂಲಕ ಕಳಿಸಿದರೆ ಗಡುವು ಉದ್ದವಾಗುತ್ತದೆ: 2024ರ ರಿಟರ್ನ್ಸ್ ನಾವೇ ಕಳಿಸುವುದಾದರೆ 2025ರ ಜುಲೈ 31, ಅವರ ಮೂಲಕವಾದರೆ 2026ರ ಏಪ್ರಿಲ್ 30. ಪ್ರತಿ ತಿಂಗಳ ಲೆಕ್ಕವನ್ನೂ ಅವರ ಕೈಗೇ ಕೊಡಬಹುದಿತ್ತು. ತಿಂಗಳಿಗೆ ಆರೇಳು ಬಿಲ್ಲು ಮಾಡುವ ನನಗೆ ಅದು ಬೇಡವೆನಿಸಿತು.

ಆರೋಗ್ಯ ವಿಮೆ ವಿಷಯದಲ್ಲಿ ಮೂರು ದಾರಿಯೂ ಅಷ್ಟಕ್ಕಷ್ಟೇ. ಪ್ರವಾಸಿಗಳ ವಿಮೆಯನ್ನು ನಂಬಿಕೊಂಡು ಬರಬೇಡಿ, ಇಷ್ಟು ಸಾಕು.

ನನ್ನ ಈಗಿನ ಪದ್ಧತಿ ಹೀಗಿದೆ. ನೋಂದಣಿ, ನವೀಕರಣ, ಕಂತು ಇಳಿಸುವ ಅರ್ಜಿ ಎಲ್ಲಾ ನಾನೇ. ಭಾನುವಾರ ಬೆಳಿಗ್ಗೆ ಒಂದು ಗಂಟೆ ಕೂತು ಆ ವಾರದ ಕಾಗದ ಓದಿ ಫೈಲ್‌ಗೆ ಹಾಕುತ್ತೇನೆ, ಬೆಳಿಗ್ಗೆ ಕಾಗದ ಓದುವುದು ನನಗೆ ಅಷ್ಟು ಕಷ್ಟವಲ್ಲ, ಕೆಲಸವೇ ಅದು. ವರ್ಷಕ್ಕೊಂದು ಸಲ ಆಡಿಟರ್. ಜರ್ಮನ್ ಓದಲು ಬಾರದವರು, ಹೆಂಡತಿ ಮಕ್ಕಳನ್ನು ಒಟ್ಟಿಗೆ ಕರೆತರುವವರು, ಬಿಲ್ಲು ಬೇರೆ ಯಾರೋ ಕಟ್ಟುವವರು ಏಜೆನ್ಸಿಗೆ ಹೋಗಲಿ, ಬೇಡ ಅನ್ನುವುದಿಲ್ಲ. ಆದರೆ ವಿಳಾಸ ಮತ್ತು ಪರವಾನಗಿ ಎರಡನ್ನೇ ಕೊಡಿ. ತೆರಿಗೆ ಪ್ರಶ್ನಾವಳಿಯನ್ನು ಅವರ ಕೈಗೆ ಕೊಡಬೇಡಿ, ಕೊಡಲೇಬೇಕಾದರೆ ಕಳಿಸುವ ಮುಂಚೆ ಲಾಭದ ಸಾಲನ್ನು ಹುಡುಕಿ ಓದಿ. ಹೊಸ ಮನೆಗೆ ಹೋದ ದಿನವೇ ಡಬ್ಬದ ಮೇಲೆ ಪಾಸ್‌ಪೋರ್ಟ್‌ನಲ್ಲಿರುವ ಪೂರ್ತಿ ಹೆಸರು ಅಂಟಿಸಿ, ಅಪ್ಪನದೂ ಸೇರಿಸಿ.