ಜೇಡಿಮಣ್ಣೋ, ಸ್ಟ್ರಾನ್ಷಿಯಮ್ಮೋ: ಕಡಲ ಕೆಸರಿನಲ್ಲಿ ಏನನ್ನು ಅಳೆಯಬೇಕು?

ಚಿತ್ರದುರ್ಗದ ಕಡೆಯವರು ಎಂಎಸ್ಸಿ ಪ್ರಾಜೆಕ್ಟಿಗೆ ಬಂಗಾಳ ಕೊಲ್ಲಿಯ ಕೆಸರು ಆರಿಸಿಕೊಂಡರೆ ಅದು ದೂರದ ವಿಷಯವಲ್ಲ. ವೇದಾವತಿ ತುಂಗಭದ್ರೆಗೆ, ತುಂಗಭದ್ರೆ ಕೃಷ್ಣೆಗೆ ಸೇರುತ್ತದೆ ಅಲ್ವಾ? ನಮ್ಮ ಬಂಡೆ ಸವೆದದ್ದು ಕೊನೆಗೆ ಅಲ್ಲಿಗೇ ಹೋಗುತ್ತದೆ. ಆ ಕೆಸರಿನಿಂದ ಹಿಂದಿನ ಕಾಲದ ಹವೆ, ಬಂಡೆಯ ಸವೆತ ತಿಳಿಯಲು ಇಲ್ಲಿ ಎರಡು ದಾರಿ ನೋಡೋಣ.

ಮೊದಲು ಜೇಡಿಮಣ್ಣಿನ ಖನಿಜಗಳು. ಬಿಸಿಲು, ಮಳೆ ಎರಡೂ ಜಾಸ್ತಿ ಇದ್ದು ನೀರು ಚೆನ್ನಾಗಿ ಬಸಿಯುವ ಕಡೆ ಗ್ರಾನೈಟಿನ ಫೆಲ್ಡ್‌ಸ್ಪಾರ್ ಎಂಬ ಖನಿಜ ಕೊಳೆತು ಕೆಯೋಲಿನೈಟ್ ಎಂಬ ಜೇಡಿಮಣ್ಣಾಗುತ್ತದೆ. ಚಳಿಯಲ್ಲಿ, ಒಣ ಹವೆಯಲ್ಲಿ ಬಂಡೆ ಬರೀ ಪುಡಿಯಾಗುತ್ತದೆ. ಆಗ ಇಲೈಟ್, ಕ್ಲೋರೈಟ್ ಎಂಬ ಬೇರೆ ಖನಿಜಗಳು ಹೆಚ್ಚು ಸಿಗುತ್ತವೆ. ಬೇಸಿಗೆಯಲ್ಲಿ ಬಾಯಿಬಿಡುವ ನಮ್ಮ ಎರೆಮಣ್ಣಿನಲ್ಲಿ ಸ್ಮೆಕ್ಟೈಟ್ ಜಾಸ್ತಿ. ಎಕ್ಸ್‌ರೇ ಡಿಫ್ರಾಕ್ಷನ್ ಯಂತ್ರವಿದ್ದರೆ ಇವನ್ನೆಲ್ಲ ಗುರುತಿಸಬಹುದು. ಒಂದು ಎಚ್ಚರ: ಎಂದೋ ಆದ ಹಳೆಯ ಮಣ್ಣು ಆಮೇಲೆ ಕೊಚ್ಚಿ ಬಂದಿದ್ದರೆ ಹವೆಯ ಲೆಕ್ಕ ತಪ್ಪುತ್ತದೆ.

ಸ್ಟ್ರಾನ್ಷಿಯಂ ಎಂಬ ಲೋಹದ ದಾರಿಯೇ ಬೇರೆ. ಅದರ ಪರಮಾಣುಗಳಲ್ಲಿ 86, 87 ಹೀಗೆ ಬೇರೆ ಬೇರೆ ತೂಕದವು ಇರುತ್ತವೆ. ಹಳೆಯ ಗ್ರಾನೈಟಿನಲ್ಲಿ ರುಬಿಡಿಯಂ ಎಂಬ ಇನ್ನೊಂದು ಲೋಹ ಕ್ಷಯಿಸಿ ಸ್ಟ್ರಾನ್ಷಿಯಂ-87 ಕೂಡಿರುತ್ತದೆ. ಅದು ಕರಗಿ ಕಡಲಿಗೆ ಸೇರಿ, ಫೊರಾಮಿನಿಫೆರಾ ಎಂಬ ಪುಟ್ಟ ಜೀವಿಗಳ ಸುಣ್ಣದ ಚಿಪ್ಪಿನಲ್ಲಿ ಉಳಿಯುತ್ತದೆ. ಇಂದು ಕಡಲ ನೀರಿನಲ್ಲಿ ಸ್ಟ್ರಾನ್ಷಿಯಂ-87ಕ್ಕೂ ಸ್ಟ್ರಾನ್ಷಿಯಂ-86ಕ್ಕೂ ಇರುವ ಅನುಪಾತ ಸುಮಾರು 0.7092. ಸುಮಾರು 4 ಕೋಟಿ ವರ್ಷಗಳಿಂದ ಅದು ಏರುತ್ತಾ ಬಂದಿದೆ. ಹಿಮಾಲಯದ ಸವೆತ ದೊಡ್ಡ ಕಾರಣ ಎನ್ನುತ್ತಾರೆ. ಆದರೆ ಸ್ಟ್ರಾನ್ಷಿಯಂ ಕಡಲಲ್ಲಿ ಲಕ್ಷಾಂತರ ವರ್ಷ ನಿಂತು ಬೆರೆಯುವುದರಿಂದ ಕೃಷ್ಣೆಯ ಪಾಲನ್ನು ಚಿಪ್ಪಿನಲ್ಲಿ ಬೇರೆ ಮಾಡಲಾಗದು.

ಕಳೆದ 20,000 ವರ್ಷಗಳ ಮುಂಗಾರು ಬೇಕಿದ್ದರೆ ಜೇಡಿಮಣ್ಣನ್ನೇ ಹಿಡಿಯಿರಿ. ಕೋಟಿ ವರ್ಷಗಳ ಕಥೆ ಬೇಕು, ಈ ಅನುಪಾತ ಅಳೆಯುವ ಮಾಸ್ ಸ್ಪೆಕ್ಟ್ರೋಮೀಟರ್ ಯಂತ್ರ ಕೂಡ ಸಿಗುತ್ತದೆ ಎಂದರೆ ಮಾತ್ರ ಸ್ಟ್ರಾನ್ಷಿಯಂ.