ಮೊರೀನ್ ಕಹೂನ್ ಅವರನ್ನು ಹುಡುಕುತ್ತ: ಹ್ಯಾನ್ಸಾರ್ಡ್ ಅಂತರಜಾಲ ಸೇವೆಯ ವಿಮರ್ಶೆ

ಬ್ರಿಟಿಷ್ ಸಂಸತ್ತಿನ ನಡಾವಳಿಯನ್ನು ಅಂತರಜಾಲದಲ್ಲಿ ಒದಗಿಸುವ ಹ್ಯಾನ್ಸಾರ್ಡ್ ಸೇವೆಯನ್ನು ನಾನು ಬಳಸಿದ್ದು ಒಬ್ಬ ಸದಸ್ಯೆಯ ಸಲುವಾಗಿ. ಸಲಿಂಗಪ್ರೇಮಿಯೆಂದು ಬಹಿರಂಗವಾಗಿ ತಿಳಿದುಬಂದ ಬ್ರಿಟನ್ನಿನ ಮೊದಲ ಸಂಸದೆ ಮೊರೀನ್ ಕಹೂನ್ ಅವರ ಕುರಿತು ನಾನು ಓದಿದ ಬರಹಗಳೆಲ್ಲ ಆ ‘ಮೊದಲ’ ಎಂಬಲ್ಲಿಗೇ ನಿಂತುಬಿಡುತ್ತಿದ್ದುದರಿಂದ, 1974ರಿಂದ 1979ರವರೆಗೆ ನಾರ್ಥಾಂಪ್ಟನ್ ಉತ್ತರ ಕ್ಷೇತ್ರದ ಲೇಬರ್ ಸದಸ್ಯೆಯಾಗಿ ಅವರು ಸದನದಲ್ಲಿ ಆಡಿದ ಮಾತನ್ನೇ ಓದಬೇಕೆನಿಸಿತು.

ಹುಡುಕುವವರು ಒಂದು ವಿಷಯ ಗಮನದಲ್ಲಿಡಬೇಕು. ಹೆಸರಿನ ಉಚ್ಚಾರಣೆ ‘ಕಹೂನ್’ ಎಂದಿದ್ದರೂ ಇಂಗ್ಲಿಷ್ ಕಾಗುಣಿತದಲ್ಲಿ ಉಚ್ಚರಿಸದ ಎಲ್ ಅಕ್ಷರವೂ ಅದರ ಹಿಂದೆಯೇ ಕ್ಯೂ ಅಕ್ಷರವೂ ಇವೆ. ಕಿವಿಗೆ ಕೇಳಿದಂತೆ ಬರೆದರೆ ಪ್ರಯೋಜನವಿಲ್ಲ. ಹಳೆಯ ನಡಾವಳಿಯ ವಿಭಾಗದಲ್ಲಿ ಸದಸ್ಯರ ಪುಟ ಸಿಕ್ಕರೆ ಅವರ ಭಾಷಣಗಳೂ ಪ್ರಶ್ನೆಗಳೂ ವರ್ಷವಾರು ತೆರೆದುಕೊಳ್ಳುತ್ತವೆ.

ಈ ಸೇವೆಯ ನಿಜವಾದ ಬೆಲೆ ತಿಳಿಯುವುದು ಮಸೂದೆಗಳ ಚರ್ಚೆಯಲ್ಲಿ. ಸಾರ್ವಜನಿಕ ಮಂಡಳಿಗಳಲ್ಲಿ ಹೆಣ್ಣು ಗಂಡುಗಳ ಸಂಖ್ಯೆ ಸಮನಾಗಿರಬೇಕೆಂದು ಕಹೂನ್ 1975ರಲ್ಲಿ ತಂದ ಖಾಸಗಿ ಸದಸ್ಯರ ಮಸೂದೆ ಕಾಯ್ದೆಯಾಗಲಿಲ್ಲ. ಆದರೆ ಮಹಿಳಾ ಮೀಸಲಾತಿಯ ಬಗ್ಗೆ ನಮ್ಮಲ್ಲಿ ದಶಕಗಳ ಕಾಲ ನಡೆದ ವಾದವನ್ನು ಬಲ್ಲವರಿಗೆ ಆ ಚರ್ಚೆಯ ಓದು ಹೊಸದೆನಿಸದು. 1979ರ ಮಾರ್ಚಿನಲ್ಲಿ, ಬೀದಿಯಲ್ಲಿ ಗಿರಾಕಿಗಳನ್ನು ಕರೆದರೆಂದು ಲೈಂಗಿಕ ಕಾರ್ಯಕರ್ತೆಯರನ್ನು ಜೈಲಿಗೆ ಕಳಿಸುವುದನ್ನು ನಿಲ್ಲಿಸಲು ಅವರು ಇನ್ನೊಂದು ಮಸೂದೆ ತಂದರು. ಚುನಾವಣೆ ಹತ್ತಿರವಿದ್ದಾಗ ಇಂತಹ ವಿಷಯಕ್ಕೆ ಕೈಹಾಕಲು ಎಷ್ಟು ಎದೆಗಾರಿಕೆ ಬೇಕೆಂಬುದನ್ನು ಯಾರೂ ಊಹಿಸಬಹುದು.

ಕೊರತೆಯೆಂದರೆ, ಸದನದ ಹೊರಗೆ ನಡೆದದ್ದು ಇಲ್ಲಿಲ್ಲ, ಕಹೂನ್ ಅವರ ಕಷ್ಟಗಳಾದರೋ ಬಹುಮಟ್ಟಿಗೆ ಹೊರಗಿನವೇ. ಮದುವೆಯಿಂದ ಹೊರಬಂದು ಬಾರ್ಬರಾ ಟಾಡ್ ಅವರೊಂದಿಗೆ ಬಾಳತೊಡಗಿದ್ದನ್ನು ಡೈಲಿ ಮೇಲ್ ಪತ್ರಿಕೆಯ ಗಾಳಿಸುದ್ದಿ ಅಂಕಣವು ಬಯಲಿಗೆಳೆಯಿತು. 1977ರಲ್ಲಿ ಕ್ಷೇತ್ರದ ಪಕ್ಷ ಘಟಕವೇ ಅವರನ್ನು ಕೈಬಿಡಲು ತೀರ್ಮಾನಿಸಿತು. ಪಕ್ಷದ ರಾಷ್ಟ್ರೀಯ ಕಾರ್ಯಕಾರಿಣಿ ಅದನ್ನು ರದ್ದುಪಡಿಸಿದರೂ 1979ರಲ್ಲಿ ಅವರು ಸೋತರು. ತಮ್ಮನ್ನು ‘ಮಿಸ್’ ಎಂದಾಗಲಿ ‘ಮಿಸೆಸ್’ ಎಂದಾಗಲಿ ಕರೆಯದೆ ‘ಮಿಜ್’ ಎನ್ನಬೇಕೆಂದು ಸಭಾಧ್ಯಕ್ಷರನ್ನು ಕೇಳಿಕೊಂಡವರು ಅವರು. (ಅರ್ಜಿಯಲ್ಲಿ ಶ್ರೀಮತಿಯೋ ಕುಮಾರಿಯೋ ಎಂದು ಗುರುತು ಹಾಕುತ್ತ ಬಂದ ನಮಗೆ ಇದನ್ನು ವಿವರಿಸಬೇಕಿಲ್ಲ.) ಮುಂದೆ 1982ರಿಂದ 1990ರವರೆಗೆ ಲಂಡನ್ನಿನ ಹ್ಯಾಕ್ನಿಯಲ್ಲಿ ಪೌರ ಸದಸ್ಯೆಯಾಗಿದ್ದುದೂ ಈ ನಡಾವಳಿಯ ವ್ಯಾಪ್ತಿಗೆ ಬರುವುದಿಲ್ಲ. ಅವರು 2021ರಲ್ಲಿ, 92ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಇನ್ನೊಂದು ಮಾತು: ಹ್ಯಾನ್ಸಾರ್ಡ್ ವರದಿಗಾರರು ಪುನರುಕ್ತಿಯನ್ನೂ ಸ್ಪಷ್ಟವಾದ ತಪ್ಪುಗಳನ್ನೂ ತಿದ್ದುವುದರಿಂದ, ಓದುವುದು ಮಾತಿನ ತುಸು ಹದಗೊಳಿಸಿದ ರೂಪವನ್ನು. ಜೀವನಚರಿತ್ರೆ ಬೇಕಾದವರಿಗೆ ಇದೊಂದೇ ಸಾಲದು. ಶಾಸಕಿಯಾಗಿ ಕಹೂನ್ ಅವರನ್ನು ತಿಳಿಯಬಯಸುವವರಿಗೆ ಮಾತ್ರ ನಿಸ್ಸಂಕೋಚವಾಗಿ ಶಿಫಾರಸು ಮಾಡುತ್ತೇನೆ. ಶುಲ್ಕವಿಲ್ಲ, ನೋಂದಣಿಯೂ ಬೇಕಿಲ್ಲ. 1975ರ ಮೇ ತಿಂಗಳ ಚರ್ಚೆಯಿಂದ ಆರಂಭಿಸಬಹುದು.